ಕಬ್ಬಿನ ಸಾಲಿನ ಜೋಡಿ ಮದಗುಣಕಿ

ಚಿಮ್ಮಡದ ನಮ್ಮ ಕಬ್ಬಿನ ಹೊಲದಲ್ಲಿ ಮದಗುಣಕಿ, ಅಂದರೆ ದತ್ತೂರಿ, ಬರೀ ಕಳೆ. ದನ ಮುಟ್ಟುವುದಿಲ್ಲ, ನಾವು ಕಂಡಲ್ಲಿ ಕೀಳುತ್ತೇವೆ. ಹೋದ ವರ್ಷ ಎದ್ದ ಒಂದು ಗಿಡ ಮಾತ್ರ ಬೇರೆಯೇ ಇತ್ತು: ಬಿಳಿ ಹೂವಿನ ಹೊಟ್ಟೆಯೊಳಗಿಂದ ಇನ್ನೊಂದು ಬಿಳಿ ಹೂವು. ಇದೇನು ರೋಗವೋ ಎಂದುಕೊಂಡೆ. ಏನನ್ನು ಕಂಡರೂ ನನಗೆ ಮೊದಲು ಹೊಳೆಯುವುದು ಅದೇ.

ಪಂಚಮಿಗೆ ರಬಕವಿಯಿಂದ ಬಂದ ಅಕ್ಕ ಅದನ್ನು ನೋಡಿ ಸಾಲಿನಲ್ಲೇ ಕುಕ್ಕರಿಸಿದಳು. "ಇದರ ಬೀಜ ನನಗ ಬೇಕಲೇ. ಹಿತ್ತಲದಾಗ ಹಚ್ಚಿ, ಸೋಮವಾರ ಲಿಂಗಕ್ಕ ಹೂ ಏರಸ್ತೇನಿ."

ಈ ಹೊಲದಲ್ಲಿ ತನಗೆ ಪಾಲು ಬೇಡವೆಂದು ಜಮಖಂಡಿಗೆ ಬಂದು ಸಹಿ ಹಾಕಿಕೊಟ್ಟವಳು ಅವಳು. ಬಾಯಿಮಾತಿಗಾದರೂ ಸಹಿ ಹಾಕಬೇಡ ಅಕ್ಕಾ ಎನ್ನಲಿಲ್ಲ ನಾನು. ಆಮೇಲೆ ಅವಳು ತವರಿನಿಂದ ಕೇಳಿದ್ದು ಇದೊಂದೇ.

ಮುಳ್ಳುಕಾಯಿ ಒಣಗಿ ತಾನಾಗಿ ಬಿರಿಯಬೇಕು, ಆಗಲೇ ಬೀಜ. ವಾರಕ್ಕೊಮ್ಮೆ ಅವಳ ಫೋನು: "ಕಾಯಿ ಒಡದಾವೇನೋ? ಇಲ್ಲಾ ಚಿಂತಿ ಮಾಡಿ ಮಾಡಿ ನೀನ ಒಡದಿಯೋ?"

ಕಳೆ ತೆಗೆಯುವ ದಿನ ನನಗೆ ಬಿ.ಪಿ. ತೋರಿಸಲು ಜಮಖಂಡಿಗೆ ಹೋಗಬೇಕಿತ್ತು. ಗಿಡಕ್ಕೆ ಏನಾದರೂ ಆದೀತೆಂದು ಮುಂಜಾನೆಯೇ ಹೋಗಿ, ಗುರುತಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಬಸ್ಸು ಹತ್ತಿದೆ.

ಮರಳಿ ಬಂದಾಗ ಗಿಡ ಬದುವಿನ ಮೇಲೆ ಬೇರು ಮೇಲಾಗಿ ಬಿದ್ದಿತ್ತು, ಬಟ್ಟೆ ಸಮೇತ.

"ಬಟ್ಟಿ ಕಟ್ಟಿದ್ನಲ್ಲವಾ!" ಎಂದು ಚೀರಿದೆ.

"ಅದಕ್ಕ ಕಿತ್ತೀವ್ರೀ," ಎಂದಳು ಆಳುಗಳಲ್ಲಿ ಹಿರಿಯಳು. "ನೀವು ಒದರ್ತೀರಂತ ಎಲ್ಲಾಕಿಂತ ಮೊದಲ ಅದನ್ನ ಕಿತ್ತೀವಿ."

ಖರೆ. ಬಿತ್ತನೆಯ ಕಬ್ಬಿನಲ್ಲಿ ರೋಗ ಹತ್ತಿದ ಬುಡಕ್ಕೆ ಕೆಂಪು ಬಟ್ಟೆ ಕಟ್ಟುವುದು, ಕಟ್ಟಿದ್ದನ್ನು ಬೇರುಸಹಿತ ಕೀಳುವುದು: ರೋಗದ ಭಯಕ್ಕೆ ಈ ಪದ್ಧತಿ ಹಾಕಿ, ಅವರಿಗೆ ಬಾಯಿಪಾಠ ಮಾಡಿಸಿದವನು ನಾನೇ.

ಕಾಯಿ ಸೀಳಿ ನೋಡಿದೆ. ಬೀಜ ಇನ್ನೂ ಹಾಲು ಬಣ್ಣದಲ್ಲಿದ್ದವು. ಉಗುರು ತಾಗಿದರೆ ನೀರಾಗುತ್ತಿದ್ದವು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಹಿಂದೆ ಅವಳ ಮನೆಯ ಮಗ್ಗದ ಸದ್ದು.

"ಯಾರು ಕಿತ್ರು?"

"ಆಳಿನ ಹೆಣ್ಮಕ್ಕಳು. ಕಣ್ಣ ಇಲ್ಲ ಅವಕ್ಕ." ಬಟ್ಟೆಯ ಸುದ್ದಿ ಎತ್ತಲಿಲ್ಲ.

"ಅವರಿಗೇನೂ ಅನಬ್ಯಾಡ. ಹೊಲ ನಿಂದು. ನೀ ಹೇಳಿದ್ದನ್ನ ಮಾಡಿರ್ತಾರ."

ಈ ಪಂಚಮಿಗೆ ಅವಳು ಬರಲಿಲ್ಲ. ಮಗ್ಗ ನಿಲ್ಲಿಸಲು ಆಗುವುದಿಲ್ಲವಂತೆ. ಇಷ್ಟು ವರ್ಷ ಅದೇ ಮಗ್ಗ ಪಂಚಮಿಗೆ ಮೂರು ದಿನ ನಿಲ್ಲುತ್ತಿತ್ತು.