ಆರತಿ ನೀರಿಗೆ ನಿಂಬೆಹಣ್ಣು

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅನಘಾಳ ಚಡಪಡಿಕೆ ಗೊತ್ತಿಲ್ಲದವರಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲು ಕುಣಿಯುತ್ತಿರುತ್ತದೆ. ಹೆಂಚು ಕಾಯುವ ಮೊದಲೇ ದೋಸೆ ಹಿಟ್ಟು ಹುಯ್ಯುತ್ತಾಳೆ, ಬೇಯುವ ಮೊದಲೇ ಮಗುಚುತ್ತಾಳೆ. ಹುಟ್ಟುಹಬ್ಬದ ದಿನ ಅವಳ ಅಜ್ಜಿ ಕಲ್ಯಾಣಮ್ಮ ಆರತಿ ತಟ್ಟೆ ಎತ್ತಿದರೆ ಮೊದಲ ಸುತ್ತಿಗೇ ಇವಳು ಎದ್ದು ಓಡಿರುತ್ತಾಳೆ, ಕೆಂಪು ನೀರು ಅಜ್ಜಿಯ ಸೀರೆಯ ಮೇಲಿರುತ್ತದೆ. ಎದುರು ಮನೆಯವಳಾದ ನನಗೆ ಇದೆಲ್ಲ ಬಹಳ ಕಾಲ ತಮಾಷೆಯಾಗಿತ್ತು.

ಸೆಕೆಂಡ್ ಪಿಯುಸಿಯ ಕೆಮಿಸ್ಟ್ರಿ ಪ್ರಾಕ್ಟಿಕಲ್ ಹತ್ತಿರ ಬಂದಾಗ ತಮಾಷೆ ಮುಗಿಯಿತು. ಅದರಲ್ಲಿ ಒಂದು ಪ್ರಯೋಗವಿದೆಯಂತೆ. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ನೇರಳೆ ಬಣ್ಣದ ಪರ್ಮಾಂಗನೇಟನ್ನು ಫ್ಲಾಸ್ಕಿನಲ್ಲಿರುವ ಬಿಸಿ ಆಮ್ಲಕ್ಕೆ ಬಿಡಬೇಕು. ಬಿದ್ದ ಬಣ್ಣ ಮಾಯವಾಗುತ್ತಾ ಹೋಗುತ್ತದೆ. ಯಾವ ಹನಿಗೆ ತೆಳು ಗುಲಾಬಿ ಹಾಗೇ ಉಳಿಯಿತೋ ಅಲ್ಲಿಗೆ ನಲ್ಲಿ ಕಟ್ಟಬೇಕು. ಒಂದು ಹನಿ ಹೆಚ್ಚು ಬಿದ್ದರೂ ಲೆಕ್ಕ ಕೆಟ್ಟಿತು. ದೋಸೆಯನ್ನೇ ಕಾಯಲಾರದ ಹುಡುಗಿಗೆ ಇಂಥ ಪರೀಕ್ಷೆ!

ಪ್ರಿಪರೇಟರಿ ಪರೀಕ್ಷೆಯಲ್ಲಿ ಪ್ರತಿ ಸಲವೂ ಅವಳ ಫ್ಲಾಸ್ಕ್ ಕಡು ನೇರಳೆಯಾಯಿತು. ಲೆಕ್ಚರರ್ ಮೋಹನ್ ಕುಮಾರ್ ಎಲ್ಲರ ಎದುರಿಗೇ ಅಂದರು: "ನಿನ್ನ ಕೈಗೆ ಬ್ರೇಕೇ ಇಲ್ವಲ್ಲಮ್ಮ. ನಿನ್ನ ಥಿಯರಿನೂ ಅಷ್ಟಕ್ಕಷ್ಟೇ. ಪ್ರಾಕ್ಟಿಕಲ್ ಮಾರ್ಕ್ಸೂ ಹೋದ್ರೆ ಕೆಮಿಸ್ಟ್ರಿ ಪಾಸಾಗಲ್ಲ ನೀನು."

ಅವತ್ತು ಸಂಜೆ ನಮ್ಮ ಗೇಟಿನ ಹತ್ತಿರ ನಿಂತು ಅತ್ತಳು. "ನನ್ನ ಕೈ ನನ್ನ ಮಾತೇ ಕೇಳಲ್ಲ ಆಂಟಿ" ಅಂದಳು. ಅಳುವಾಗಲೂ ಗೇಟಿನ ಚಿಲಕ ಹಾಕಿ ತೆಗೆದು ಮಾಡುತ್ತಿದ್ದಳು.

ಅದೇ ವಾರ ಅವಳ ಅಣ್ಣ ವೀರೇಶನ ಮದುವೆ. ಮನೆ ತುಂಬಿಸಿಕೊಳ್ಳುವಾಗ ಅಜ್ಜಿ ನೀರಿಗೆ ಅರಿಶಿನ, ಸುಣ್ಣ ಕದಡಿ ಕೆಂಪಗೆ ಮಾಡಿ ಹೊಸ ಸೊಸೆಗೆ ಆರತಿ ಎತ್ತಿದರು. ಆಮೇಲೆ ಆ ತಟ್ಟೆ ತೊಳೆಯುವ ಕೆಲಸ ಅನಘಾಳ ಪಾಲಿಗೆ ಬಂತು. ತಟ್ಟೆಗೆ ನಿಂಬೆ ಸಿಪ್ಪೆ ತಿಕ್ಕಿದಳು. ಉಳಿದಿದ್ದ ಕೆಂಪು ನೀರು ಕಣ್ಣೆದುರಿಗೇ ಹಳದಿಗೆ ತಿರುಗಿತು. ಹುಡುಗಿ ತಟ್ಟೆ ಬಿಟ್ಟು ಮೆಡಿಕಲ್ ಸ್ಟೋರಿಗೆ ಓಡಿದಳು.

ತಂದದ್ದು ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಕಿಟಕಿಯ ಗ್ರಿಲ್ಲಿಗೆ ತಲೆಕೆಳಗಾಗಿ ಕಟ್ಟಿ, ಸೋಸಿದ ನಿಂಬೆ ರಸ ತುಂಬಿ, ಡ್ರಿಪ್ಪಿನ ನಳಿಕೆ ಸಿಕ್ಕಿಸಿದಳು. ಕೆಳಗೆ ಲೋಟದಲ್ಲಿ ಆರತಿ ನೀರು. ಡ್ರಿಪ್ಪಿನ ಪುಟ್ಟ ಚಕ್ರ ತಿರುಗಿಸಿ, ಕೆಂಪು ಹೋದ ಹನಿಗೆ ಸರಿಯಾಗಿ ನಿಲ್ಲಿಸಬೇಕು. ಇದು ಅವಳ ಮನೆ ಬ್ಯೂರೆಟ್. ನಿಂಬೆಹಣ್ಣು ನಮ್ಮ ಹಿತ್ತಲಿನವು, ಸುಣ್ಣ ಅಜ್ಜಿಯ ಎಲೆ ಅಡಿಕೆ ಡಬ್ಬಿಯದು.

"ಶುಭಕ್ಕೆ ಮಾಡೋ ನೀರಿಗೆ ಹುಳಿ ಹಿಂಡ್ತೀಯಲ್ಲೇ! ಮನೆನ ಆಸ್ಪತ್ರೆ ಮಾಡಿಟ್ಟಿದೀಯ!" ಎಂದು ಕಲ್ಯಾಣಮ್ಮ ಕೂಗಾಡಿದರು. ಕೂಗಾಡುತ್ತಲೇ ಸುಣ್ಣದ ಡಬ್ಬಿ ಅವಳ ಕೈಗೆ ಸಿಗುವಲ್ಲಿ ಇಡುತ್ತಿದ್ದರು.

ಮೊದಮೊದಲು ಲೋಟವೆಲ್ಲ ಪಾನಕ. ಅನಘಾ ಕೂತು ನೋಡಿದಳು, ನಿಂತು ನೋಡಿದಳು, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಅದುಮಿಕೊಂಡೂ ನೋಡಿದಳು. ಬರುಬರುತ್ತಾ ಕೈ ಪಳಗಿತು. ಕೆಂಪು ಮಾಯವಾದ ಕೂಡಲೇ ಬೆರಳು ತಾನಾಗಿ ಚಕ್ರ ತಿರುಗಿಸಿ ಹನಿ ನಿಲ್ಲಿಸುತ್ತಿತ್ತು.

ಎಡವಟ್ಟಾದದ್ದೂ ಅದರಿಂದಲೇ. ಪರೀಕ್ಷೆಯ ಕಥೆಯನ್ನು ಅವಳೇ ನನಗೆ ಹೇಳಿದ್ದು. ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ಮೊದಲ ನಾಲ್ಕಾರು ಹನಿ ಬಿಟ್ಟಳು. ಪರ್ಮಾಂಗನೇಟು ಆರಂಭದಲ್ಲಿ ಸ್ವಲ್ಪ ಸೋಮಾರಿ, ಬಣ್ಣ ತಕ್ಷಣ ಹೋಗುವುದಿಲ್ಲ. ಫ್ಲಾಸ್ಕ್ ಅಲ್ಲಾಡಿಸಿದ ಮೇಲೆ ಗುಲಾಬಿ ಮೆಲ್ಲಗೆ ಮಾಯವಾಯಿತು. ಬಣ್ಣ ಹೋದದ್ದನ್ನು ಕಂಡ ಬೆರಳು, ಮನೆಯ ರೂಢಿಯಂತೆ, ನಲ್ಲಿ ಕಟ್ಟಿಬಿಟ್ಟಿತು. ಇಲ್ಲಿ ನಿಲ್ಲಿಸಬೇಕಾದದ್ದು ಬಣ್ಣ ಹೋದಾಗಲ್ಲ, ಬಣ್ಣ ಉಳಿದಾಗ. ಸುಮ್ಮನೆ ಮುಂದುವರಿಸಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಈ ಮಹಾತಾಯಿ ಗೆದ್ದ ಸಂಭ್ರಮದಲ್ಲಿ ಫ್ಲಾಸ್ಕನ್ನು ಸಿಂಕಿಗೆ ಸುರಿದೇಬಿಟ್ಟಳು. ಆಮೇಲೆ ಪಕ್ಕದವಳ ಬ್ಯೂರೆಟ್ ಅರ್ಧ ಇಳಿದಿರುವುದನ್ನು ನೋಡಿ ತಪ್ಪು ಹೊಳೆಯಿತು.

ಮತ್ತೆ ಅಳೆದು, ಮತ್ತೆ ಬಿಸಿ ಮಾಡಿ, ಹೇಗೋ ಎರಡು ಸಲ ಮುಗಿಸಿದಳು. ಎರಡು ಸಲದ ಅಳತೆಯೂ ಒಂದಕ್ಕೊಂದು ಹೊಂದಿದವು. ಹೀಗೆ ಮೂರು ಹೊಂದಬೇಕಂತೆ, ಇನ್ನೊಂದು ಬಾಕಿ. ಕೊಟ್ಟಿದ್ದ ಆಮ್ಲ ಆ ಒಂದು ಸಲಕ್ಕೆ ಆಗುವಷ್ಟೇ ಉಳಿದಿತ್ತು, ಸಮಯವೂ ಆಗುತ್ತಾ ಬಂದಿತ್ತು. ಸುತ್ತ ಎಲ್ಲರೂ ಗಾಜು ತೊಳೆಯುತ್ತಿದ್ದರು. ಅವಳ ಕಾಲು ಕುಣಿಯುತ್ತಿತ್ತು. ಕೈ ಮಾತ್ರ ಹನಿ ಹನಿಯಾಗಿ ಬಿಡುತ್ತಿತ್ತು. ಕೊನೆಗೆ ಇದೆಯೋ ಇಲ್ಲವೋ ಎಂಬಷ್ಟು ತೆಳು ಗುಲಾಬಿ ನಿಂತಿತು. ನಲ್ಲಿ ಕಟ್ಟಿದಳು.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಮಡಿವಾಳಪ್ಪ ಪಕ್ಕದಲ್ಲೇ ನಿಂತಿದ್ದರು. "ಬಣ್ಣ ಎಲ್ಲಮ್ಮ ಬಂದಿದೆ? ಇನ್ನೊಂದು ಹನಿ ಬಿಡು" ಅಂದರು.

ಅನಘಾ ನಲ್ಲಿಯ ಮೇಲಿಂದ ಕೈ ತೆಗೆದಳು.

"ಸಾಕು ಸಾರ್."

ಅವರು ಫ್ಲಾಸ್ಕನ್ನು ಬಿಳಿ ಟೈಲ್ಸಿನ ಮೇಲಿಟ್ಟು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ರೀಡಿಂಗ್ ಪಕ್ಕ ಸಹಿ ಹಾಕಿ ಮುಂದಿನ ಹುಡುಗನ ಕಡೆ ಹೋದರು. ಮೂರೂ ಹೊಂದಿದ್ದವು.

ಅವಳು ಮನೆಗೆ ಬಂದಾಗ ನಾನು ಅವರ ಜಗಲಿಯಲ್ಲೇ ಇದ್ದೆ. ಕಲ್ಯಾಣಮ್ಮ ಕೆಂಪು ನೀರಿನ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು. ಕೊಸರಾಡಿದರೆ ಹಿಡಿದುಕೊಳ್ಳಲಿ ಎಂದು ಹೊಸ ಸೊಸೆಯನ್ನೂ ನಿಲ್ಲಿಸಿಕೊಂಡಿದ್ದರು. ಮಂಡಿನೋವಿನ ಮುದುಕಿ ನಿಧಾನವಾಗಿ ಒಂದು ಸುತ್ತು ಎತ್ತಿದರು. ಅನಘಾ ಹೊಸ್ತಿಲಾಚೆ ನಿಂತೇ ಇದ್ದಳು.

ಎರಡನೇ ಸುತ್ತಿಗೆ ಅಜ್ಜಿಗೇ ಗಾಬರಿಯಾಯಿತು. "ಯಾಕೇ, ಮೈ ಹುಷಾರಿಲ್ವೇನೇ?"

"ಹುಷಾರಾಗಿದೀನಿ ಅಜ್ಜಿ. ನೀನು ನಿಧಾನಕ್ಕೆ ಮುಗಿಸು, ನಾನು ನಿಂತಿರ್ತೀನಿ."

ಕಲ್ಯಾಣಮ್ಮ ತಟ್ಟೆ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಳ್ಳಲು ಹೋದರು. ಈ ಸಲ ಆರತಿ ನೀರು ಚೆಲ್ಲಿದ್ದು ಅವರೇ.