ಬುಧವಾರದ ಹಿತ್ತಾಳೆ

ಆರ್ಡಿಸ್ ಸೋಲ್‌ಬರ್ಗ್ ಯಾವ ಸಾಮಾನು ಕೊಳ್ಳುವ ಮೊದಲೂ ಅದನ್ನು ತಲೆಕೆಳಗು ಮಾಡಿ ನೋಡುತ್ತಾಳೆ. ಇಸ್ತ್ರಿಪೆಟ್ಟಿಗೆಯಾಗಲಿ, ಕುರ್ಚಿಯಾಗಲಿ, ಮೊದಲು ಅಡಿ, ಆಮೇಲೆ ಮುಖ. ಒಮ್ಮೆ ಅಂಗಡಿಯೊಂದರಲ್ಲಿ ಊಟದ ಮೇಜಿನ ಕೆಳಗೆ ಟಾರ್ಚು ಹಿಡಿದು ಮಲಗಿದ್ದವಳನ್ನು ಕಂಡು ಯಾರೋ ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದ್ದರಂತೆ.

ಮೊಂಟಾನಾದ ಈಶಾನ್ಯ ಮೂಲೆಯಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಾಲ್ಕನೇ ನಂಬರಿನ ದಾರಿ, ಐವತ್ತಾರು ಮೈಲಿ ಜಲ್ಲಿರಸ್ತೆ, ಎರಡೂ ಕಡೆ ಗೋಧಿ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ಬೆಳಗುಗಳಲ್ಲೂ ಅವಳ ಬಸ್ಸು ಏಳೂ ಐವತ್ತಕ್ಕೆ ಶಾಲೆಯ ಬಾಗಿಲಲ್ಲಿ ಇರುತ್ತಿತ್ತು. ಒಮ್ಮೆ ಮಾತ್ರ ತಡವಾಯಿತು. ರಸ್ತೆ ಮಧ್ಯೆ ಹೋರಿಯೊಂದು ಮಲಗಿತ್ತು, ಎಷ್ಟು ಹಾರ್ನ್ ಹೊಡೆದರೂ ಏಳಲಿಲ್ಲ. ಆ ಹೋರಿ ಅವಳ ಮೈದುನ ಎಮೆಟ್‌ನದು. ಇದನ್ನು ಅವಳು ಇನ್ನೂ ಮರೆತಿಲ್ಲ, ಅವನಿಗೆ ಮರೆಯಲು ಬಿಟ್ಟೂ ಇಲ್ಲ.

ಅವಳಿಗೀಗ ಅರವತ್ತೆಂಟು. ಗಂಡ ಹಾರ್ಲನ್ ತೀರಿಕೊಂಡು ಆರು ವರ್ಷ. ಶರತ್ಕಾಲದಲ್ಲಿ ಒಂದು ಜಿಂಕೆ ಹೊಡೆದರೆ ಅವಳ ಫ್ರೀಜರು ವಸಂತದವರೆಗೆ ತುಂಬಿರುತ್ತದೆ. ಅವಳ ರೈಫಲ್ಲು ಅಪ್ಪನ ಕಾಲದ್ದು. ಅದಕ್ಕೆ ಹೊಂದುವ ತೋಟಾ ಈಗ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಹಾಗಾಗಿ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಒಂದೂ ಬಿಡದೆ ಹೆಕ್ಕಿ ತರುತ್ತಾಳೆ. ತೊಳೆದು, ಒಣಗಿಸಿ, ಉದ್ದ ಅಳೆದು, ಕತ್ತಿನಲ್ಲಿ ಬಿರುಕಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಮದ್ದು ಗುಂಡು ತುಂಬುತ್ತಾಳೆ. ಈ ಸುತ್ತಿನಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ತೊಳೆಯುವ ಯಂತ್ರ. ಅದನ್ನು ಅಲ್ಲಿ ಟಂಬ್ಲರ್ ಎನ್ನುತ್ತಾರೆ. ನಾವು ಕಾಫಿ ಕುಡಿಯುವ ಹಿತ್ತಾಳೆ ಟಂಬ್ಲರಿಗೂ ಇದಕ್ಕೂ ನಂಟಿಲ್ಲ. ಇದು ಮಲಗಿಸಿದ ಪೀಪಾಯಿಯಂಥದ್ದು. ಒಳಗೆ ನೀರು, ಒಂದು ಹನಿ ಪಾತ್ರೆ ಸೋಪು, ಚಿಟಿಕೆ ನಿಂಬೆಹುಳಿಯ ಪುಡಿ, ಗುಂಡುಸೂಜಿ ತುಂಡರಿಸಿದಂಥ ಉಕ್ಕಿನ ಕಡ್ಡಿಗಳು. ಎರಡು ಗಂಟೆ ಉರುಳಾಡಿದರೆ ಮಸಿ ಹಿಡಿದ ಹಿತ್ತಾಳೆ ಹೊಸ ಉಂಗುರದ ಹಾಗೆ ಹೊಳೆಯುತ್ತದೆ.

ಅವಳ ಟಂಬ್ಲರನ್ನು ಹಾರ್ಲನ್ ಮತ್ತು ಎಮೆಟ್ ಅಣ್ಣತಮ್ಮಂದಿರು ಸೇರಿ ಡೈರಿಗೆ ಕೆನೆ ಒಯ್ಯುವ ಹಳೆಯ ಕ್ಯಾನಿಗೆ ಬಟ್ಟೆ ಒಗೆಯುವ ಯಂತ್ರದ ಮೋಟಾರು ಕಟ್ಟಿ ಮಾಡಿದ್ದರು. ಅದು ಹದಿನೇಳು ವರ್ಷ ಓಡಿತು. ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಮೆಟ್ ನಾಲ್ಕು ಮೈಲಿ ಆಚೆಯಿಂದ ಬಕೆಟ್ಟು ಹಿಡಿದು ಬರುತ್ತಿದ್ದ. ಅವನು ಭಾನುವಾರ ಕ್ಲಬ್ಬಿನಲ್ಲಿ ಪಿಸ್ತೂಲು ಹಾರಿಸುವವನು, ಅವನ ಬಕೆಟ್ಟು ಯಾವಾಗಲೂ ತುಂಬಿರುತ್ತಿತ್ತು. ಅಣ್ಣ ಹೋದ ಮೇಲೂ ಬುಧವಾರ ತಪ್ಪಲಿಲ್ಲ. ಯಂತ್ರ ಉರುಳುತ್ತಿದ್ದ ಎರಡು ಗಂಟೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತ, ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಆಲೂಗಡ್ಡೆ ರೊಟ್ಟಿ ತಿನ್ನುತ್ತ ಊರನ್ನೆಲ್ಲ ಜಾಲಾಡುತ್ತಿದ್ದರು. ಅವನ ಹೆಂಡತಿ ತೀರಿಕೊಂಡು ಹತ್ತು ವರ್ಷ. ಆರ್ಡಿಸ್ ವಾರದಲ್ಲಿ ಬೇರೆ ಯಾರ ಜೊತೆಗೂ ಎರಡು ಗಂಟೆ ಮಾತಾಡುತ್ತಿರಲಿಲ್ಲ. ಈ ಲೆಕ್ಕ ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಅಕ್ಟೋಬರಿನ ಮೊದಲ ಬುಧವಾರ ಕ್ಯಾನಿನ ಬೆಸುಗೆ ಬಾಯಿಬಿಟ್ಟಿತು. ಗ್ಯಾರೇಜಿನ ತುಂಬ ಬೂದು ನೀರು ಹರಿದು, ಅದರ ಹಿಂದೆಯೇ ಮೋಟಾರಿನಿಂದ ಹೊಗೆ ಎದ್ದಿತು.

"ಹೋಯ್ತಲ್ಲ ಡ್ರೈವರಮ್ಮಾ," ಎಂದ ಎಮೆಟ್, ನೀರಿನಲ್ಲಿ ನಿಂತುಕೊಂಡೇ. ಅವಳು ಬಸ್ಸು ಬಿಟ್ಟು ಐದು ವರ್ಷವಾಗಿದ್ದರೂ ಅವನ ಬಾಯಲ್ಲಿ ಅವಳಿನ್ನೂ ಡ್ರೈವರಮ್ಮನೇ.

"ಮೊದ್ಲು ಪ್ಲಗ್ಗು ಕೀಳೋ ದಡ್ಡ! ಶಾಕ್ ಹೊಡೆಸ್ಕೊಂಡು ಸತ್ರೆ ಹೆಣ ಹೊರೋಕೆ ನನ್ನ ಕೈಲಾಗಲ್ಲ."

ಶುಕ್ರವಾರ ಅವನ ಫೋನು ಬಂತು. ಬಿಲ್ಲಿಂಗ್ಸ್‌ನಲ್ಲಿರುವ ಮಗಳು ಮಾರ್ನಿ ವಿಷಯ ಕೇಳಿ ಅವನ ಹುಟ್ಟುಹಬ್ಬಕ್ಕೆಂದು ಪುಟ್ಟ ಟಂಬ್ಲರ್ ಕಳಿಸುತ್ತಿದ್ದಾಳೆ. "ಇನ್ಮೇಲೆ ನಿಂಗೆ ನನ್ನ ಕಾಟ ಇಲ್ಲ ಬಿಡು," ಎಂದು ನಕ್ಕ. ಆರ್ಡಿಸ್ "ಒಳ್ಳೇದಾಯ್ತು" ಎಂದಳು. ಮುಂದಿನ ಬುಧವಾರ ಅವನು ಬರಲಿಲ್ಲ, ಪಾರ್ಸೆಲ್ಲಿಗೆ ಕಾಯಬೇಕು ಎಂದಿದ್ದ. ಹತ್ತು ಗಂಟೆಗೆ ಆರ್ಡಿಸ್ ಅಭ್ಯಾಸಬಲದಿಂದ ಎರಡು ಕಪ್ಪು ಕಾಫಿ ಹಾಕಿ, ಎರಡನೆಯದನ್ನು ಪಾತ್ರೆಗೆ ವಾಪಸು ಸುರಿದಳು.

ಮರುದಿನ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಅಂಗಡಿಯ ಕ್ಲೈಡ್ ಪೆಸೆಕ್‌ಗೆ ನಲವತ್ಮೂರು ವರ್ಷ, ಅರ್ಧ ತಲೆ ಬೋಳು. ಒಂದು ಕಾಲದಲ್ಲಿ ಅವಳ ಬಸ್ಸಿನಲ್ಲಿ ಎಡಗಡೆಯ ಮೂರನೇ ಸೀಟಿನವನು. ಅವಳನ್ನು ಕಂಡರೆ ಈಗಲೂ ಬಾಯಲ್ಲಿದ್ದ ಚೂಯಿಂಗ್ ಗಮ್ ನುಂಗಿಬಿಡುತ್ತಾನೆ.

"ಎರಡಿದೆ ಮಿಸೆಸ್ ಸೋಲ್‌ಬರ್ಗ್. ಇದು ಚಿಕ್ಕದು, ಇದು ದೊಡ್ಡದು. ಎರಡೂ ಗಟ್ಟಿ. ತುಂಬಾ ಬಾಳಿಕೆ ಬರುತ್ತೆ."

"ಗಟ್ಟಿ ಅಂತ ನೀನು ಹೇಳಿದ್ರೆ ಆಯ್ತಾ, ನಾನು ನೋಡ್ಬೇಡ್ವಾ? ಎತ್ತಿಡು ಮೇಜಿನ ಮೇಲೆ."

ಒಂದು ಗಂಟೆ ಪರೀಕ್ಷೆ ನಡೆಯಿತು. ಎರಡನ್ನೂ ಬೋರಲು ಹಾಕಿದಳು. ಅಡಿಯ ಚೌಕಟ್ಟು ತಗಡೋ ಎರಕವೋ ಎಂದು ಬೆರಳಿನ ಗಿಣ್ಣಿನಿಂದ ಬಡಿದಳು. ಪೀಪಾಯಿಯ ಒಳಗಿನ ರಬ್ಬರಿಗೆ ಮೂಗಿಟ್ಟು ಮೂಸಿದಳು; ಅಂಟಿಸಿದ ರಬ್ಬರಾದರೆ ಅಂಟಿನ ವಾಸನೆ ಬರುತ್ತದೆ, ಅಚ್ಚಿನಲ್ಲೇ ಹೊಯ್ದದ್ದಾದರೆ ಬರುವುದಿಲ್ಲ, ಅಂಟಿಸಿದ್ದು ಎರಡು ವರ್ಷದಲ್ಲಿ ಸುಲಿದುಬರುತ್ತದೆ. ಉರುಳೆ ಕೂರುವ ಜಾಗದಲ್ಲಿ ಬೇರಿಂಗ್ ಇದೆಯೋ ಬರೀ ಪ್ಲಾಸ್ಟಿಕ್ ಬಳೆಯೋ ಎಂದು ಟಾರ್ಚು ಬಿಟ್ಟಳು. ಮೋಟಾರಿನ ಮುಚ್ಚಳಕ್ಕೆ ತಿರುಪಿದೆಯೇ, ಬಿಚ್ಚಲಾಗದ ರಿವೆಟ್ಟೇ? ಕಾದರೆ ತಾನಾಗಿ ನಿಲ್ಲುತ್ತದೆಯೇ?

"ಬೆಲ್ಟು ಕಿತ್ತೋದ್ರೆ ಎಲ್ಲಿ ಸಿಗುತ್ತೆ?"

"ಕಂಪನಿಗೆ ಬರೀಬೇಕು, ಮೂರು ವಾರದಲ್ಲಿ..."

"ಅಳತೆ ನೋಡು. ಕೊಯ್ಲಿನ ಯಂತ್ರದ ಬ್ಲೋವರಿಗೆ ಹಾಕೋ ಬೆಲ್ಟೇ ಇದು. ನಿನ್ನ ಹಿಂದಿನ ಗೋಡೇಲೇ ನೇತಾಡ್ತಿದೆ."

ಕ್ಲೈಡ್ ತಿರುಗಿ ನೋಡಿದ. ನೇತಾಡುತ್ತಿತ್ತು.

ಬಾಳಿಕೆಯಲ್ಲಿ ಎರಡೂ ಪಾಸಾದವು. ಉಳಿದದ್ದು ಗಾತ್ರ. ಚಿಕ್ಕದರಲ್ಲಿ ರೈಫಲ್ ತೋಟಾ ಇನ್ನೂರು ಹಿಡಿಯುತ್ತವೆ. ಗುರಿಯ ಅಭ್ಯಾಸ ಸೇರಿದರೂ ಅವಳಿಗೆ ವರ್ಷಕ್ಕೆ ಬೇಕಾದದ್ದು ನೂರೈವತ್ತು. ದೊಡ್ಡದರಲ್ಲಿ ಎಮೆಟ್‌ನ ಇಡೀ ಬಕೆಟ್ಟು ಸುರಿದು ಮೇಲೆ ಇವಳದನ್ನೂ ಹಾಕಬಹುದು.

"ಒಬ್ಬರಿಗಾದ್ರೆ ಚಿಕ್ಕದೇ ಸರಿ," ಎಂದ ಕ್ಲೈಡ್. "ದೊಡ್ಡದನ್ನ ಖಾಲಿಖಾಲಿ ಓಡಿಸಿದ್ರೆ ಕಡ್ಡಿಗಳು ರಬ್ಬರನ್ನೇ ತಿಂತವೆ. ಮೂರರಲ್ಲಿ ಎರಡು ಪಾಲು ತುಂಬಿರಬೇಕು. ಒಬ್ಬರಿಗಾ, ಇಬ್ಬರಿಗಾ?"

ಸುಲಭವಾದ ಪ್ರಶ್ನೆ. ಆರ್ಡಿಸ್ ಟಾರ್ಚು ಆರಿಸಿ, ಮತ್ತೆ ಹತ್ತಿಸಿ, ಮತ್ತೆ ಆರಿಸಿದಳು. ಚಿಕ್ಕದನ್ನು ಕೊಂಡರೆ ಬುಧವಾರ ಮುಗಿಯಿತು ಎಂದು ತಾನೇ ಸಹಿ ಹಾಕಿದಂತೆ. ದೊಡ್ಡದನ್ನು ಕೊಂಡು ಅವನು ಬರದೇ ಹೋದರೆ ಗ್ಯಾರೇಜಿನಲ್ಲಿ ಅರೆಹೊಟ್ಟೆಯ ಪೀಪಾಯಿ ದಿನವೂ ಅದನ್ನೇ ಸಾರುತ್ತಿರುತ್ತದೆ. ಬಾ ಎಂದು ಕರೆಯುವುದು ಅವಳಿಗೆ ಬಾರದ ವಿದ್ಯೆ. ಆ ಸೀಮೆಯಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಏನಾದರೂ ಕೆಲಸ ಇರುತ್ತದೆ, ಬರುತ್ತಾರೆ.

"ಬುಧವಾರ ಮಧ್ಯಾಹ್ನದೊಳಗೆ ಹೇಳಿ," ಎಂದ ಕ್ಲೈಡ್. "ದೊಡ್ಡದು ಒಂದೇ ಇರೋದು, ಇನ್ನೊಬ್ಬರೂ ಕೇಳಿದಾರೆ. ಹನ್ನೆರಡರ ತನಕ ಇಟ್ಟಿರ್ತೀನಿ."

ಮಂಗಳವಾರ ಬೆಳಿಗ್ಗೆ ಎಮೆಟ್ ಫೋನ್ ಮಾಡಿದ. ಪಾರ್ಸೆಲ್ ಬಂದಿದೆ, ಯಂತ್ರ ಮುದ್ದಾಗಿದೆ, ಎಲ್ಲ ತುಂಬಿಸಿ ಆಗಿದೆ. "ನಿಂಬೆಪುಡಿ ಎಷ್ಟು ಹಾಕೋದು?"

ಅಷ್ಟು ವರ್ಷ ಪುಡಿ ಹಾಕಿದವಳು ಅವಳು. ಅವನು ಆ ಹೊತ್ತಿನಲ್ಲಿ ರೊಟ್ಟಿಗೆ ಬೆಣ್ಣೆ ಸವರುತ್ತಿರುತ್ತಿದ್ದ.

"ಒಂದು ತೋಟಾದಷ್ಟು," ಎಂದಳು ಆರ್ಡಿಸ್.

"ಅಷ್ಟೇನಾ?"

"ಅಷ್ಟೇ. ಎರಡು ಗಂಟೆ ಓಡ್ಸು, ತೊಳಿ."

ಫೋನಿಟ್ಟ ಮೇಲೆ ಅವಳಿಗೆ ತನ್ನ ಕೈಯಿಂದ ಕೊನೆಯ ಕೆಲಸವೂ ಜಾರಿಹೋದಂತೆ ಅನ್ನಿಸಿತು. ಸುಮ್ಮನೆ ಕೂರಲಾಗದೆ ಒಲೆಯ ಹಿಂಬದಿ ತಿಕ್ಕಿದಳು.

ಬುಧವಾರ ಹತ್ತಾಯಿತು, ಹನ್ನೊಂದಾಯಿತು. ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕಪಾಟಿನಿಂದ ಒಂದೇ ಕಪ್ಪು ತೆಗೆದಳು. ಕ್ಲೈಡ್‌ಗೆ ಚಿಕ್ಕದು ಸಾಕು ಎಂದು ಹೇಳಲು ಫೋನು ಕೈಗೆತ್ತಿಕೊಂಡಾಗ ಅಂಗಳದಲ್ಲಿ ಎಮೆಟ್‌ನ ಪಿಕಪ್ಪು ಕೆಮ್ಮಿ ನಿಂತಿತು. ಅವನು ಟವೆಲು ಮುಚ್ಚಿದ ಬಕೆಟ್ಟನ್ನು ಎದೆಗವಚಿಕೊಂಡು, ಹಿಂದಿನ ಬಾಗಿಲಿಂದ ಮೆಲ್ಲಗೆ ಒಳಗೆ ಬಂದ.

"ನಗಲ್ಲ ಅಂತ ಮಾತು ಕೊಡು."

"ಕೊಡಲ್ಲ. ಟವೆಲು ತೆಗಿ."

ಬಕೆಟ್ಟಿನ ತುಂಬ ಗುಲಾಬಿ ಬಣ್ಣದ ತೋಟಾಗಳು. ಹೊಳಪಿಗೇನೂ ಕಡಿಮೆಯಿರಲಿಲ್ಲ, ಆದರೆ ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲಿಡುವಂಥ ಗುಲಾಬಿ.

ಆರ್ಡಿಸ್ ತುಟಿ ಬಿಗಿದು ಮೂರು ಸೆಕೆಂಡು ತಡೆದಳು. ಆಮೇಲೆ ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಭಾನುವಾರ ಇದನ್ನ ಕ್ಲಬ್ಬಿಗೆ ತಗೊಂಡ್ಹೋಗು ಮಾರಾಯ. ಎಲ್ಲರೂ ಹೆಣ್ಣು ನೋಡೋಕೆ ಬರ್ತಾರೆ."

"ನೀನೇ ತಾನೇ ಹೇಳಿದ್ದು, ಒಂದು ತೋಟಾದಷ್ಟು ಅಂತ!"

"ಯಾವ ತೋಟಾದಲ್ಲಿ ಅಳೆದೆ?"

ಎಮೆಟ್ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಬಾತುಕೋಳಿ ಹೊಡೆಯುವ ಬಂದೂಕಿನ ತೋಟಾ. ಕೆಂಪು ಪ್ಲಾಸ್ಟಿಕ್ಕು, ಹೆಬ್ಬೆರಳಿನಷ್ಟು ದಪ್ಪ. ಅವನ ಮನೆಯ ಕಿಟಕಿಕಟ್ಟೆಯ ಮೇಲೆ ಅದೇ ಇತ್ತಂತೆ. ಆರ್ಡಿಸ್ ಅದರ ಪಕ್ಕದಲ್ಲಿ ಪಿಸ್ತೂಲಿನ ಗಿಡ್ಡ ತೋಟಾವೊಂದನ್ನು ನಿಲ್ಲಿಸಿದಳು. ಪುಡಿಯ ಅಳತೆಗೆ ತೋಟಾ ಎಂದರೆ ಅವಳ ಮನೆಯಲ್ಲಿ ಹದಿನೇಳು ವರ್ಷದಿಂದ ಇದೊಂದೇ. ಹೇಳಬೇಕಾದ ಮಾತೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹತ್ತು ಪಟ್ಟು," ಎಂದಳು. "ಎಷ್ಟು ಹೊತ್ತು ಓಡಿಸ್ದೆ?"

"ಊಟ ಮಾಡಿ ಸ್ವಲ್ಪ ಅಡ್ಡಾದೆ. ಎದ್ದಾಗ ಸಂಜೆ ಐದಾಗಿತ್ತು."

"ಹುಳಿ ಹಿತ್ತಾಳೇಲಿರೋ ಸತುವನ್ನ ತಿಂದು, ತಾಮ್ರನ ಮಾತ್ರ ಬಿಟ್ಟಿದೆ. ಅದಕ್ಕೇ ಈ ಬಣ್ಣ."

ಅವಳು ಒಂದನ್ನು ಇಕ್ಕಳದಲ್ಲಿ ಹಿಡಿದು ಅಮುಕಿದಳು. ಸಪಾಟಾಯಿತು, ಸೀಳಲಿಲ್ಲ. ಇನ್ನೊಂದನ್ನು ಅಮುಕಿದಳು. ಅಂಚಿನಲ್ಲಿ ಕೂದಲಿನಂಥ ಬಿರುಕು ಬಿತ್ತು. ಭೂತಗನ್ನಡಿ ಅವನ ಕೈಗೆ ಕೊಟ್ಟಳು.

"ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಹೊರಗಿಂದ ಗೊತ್ತಾಗಲ್ಲ. ಗೊತ್ತಾಗದೇ ಇರೋದಕ್ಕೆ ಮದ್ದು ತುಂಬಬಾರದು. ಇಡೀ ಬಕೆಟ್ಟು ಗುಜರಿಗೆ."

"ಎಲ್ಲಾನಾ?"

"ನಿನ್ನ ಮೂಗು ಮುಖದ ಮೇಲೇ ಇರ್ಲಿ ಅಂತ ನನಗಾಸೆ. ಅಷ್ಟೇನೂ ಚೆನ್ನಾಗಿಲ್ಲ, ಆದ್ರೂ ಇರ್ಲಿ."

ಎಮೆಟ್ ನಿಟ್ಟುಸಿರು ಬಿಟ್ಟು ಟವೆಲನ್ನು ಬಕೆಟ್ಟಿನ ಮೇಲೆ ಮತ್ತೆ ಹರಡಿದ, ಹೆಣಕ್ಕೆ ಹೊದಿಸುವ ಹಾಗೆ. "ಹೋಗ್ಲಿ ಬಿಡು. ಮಾರ್ನಿ ಪಾಪ ಪ್ರೀತಿಯಿಂದ ಕಳಿಸಿದಾಳೆ. ಅಳತೆ ಗೊತ್ತಾಯ್ತಲ್ಲ, ಇನ್ನು ಸರಿಯಾಗಿ ಮಾಡ್ಕೋತೀನಿ. ನಿನಗೂ ಸಾಕಾಗಿತ್ತು, ವಾರವಾರ ಬಂದು ಕಾಫಿ ಖಾಲಿ ಮಾಡ್ತಿದ್ದೆ." ಅವನು ಎದ್ದು ಟೋಪಿ ಹಾಕಿಕೊಂಡ.

ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಆರ್ಡಿಸ್ ಅವನ ಟೋಪಿಯನ್ನು ನೋಡಿದಳು, ಫೋನನ್ನು ನೋಡಿದಳು. ಕೆಲಸದ ನೆಪ ಯಾವುದಾದರೂ ಸಿಕ್ಕೀತೇ ಎಂದು ಹುಡುಕಿದಳು. ಯಾವುದೂ ಸಿಗಲಿಲ್ಲ, ಅವನ ಹತ್ತಿರ ಈಗ ಯಂತ್ರವೂ ಇತ್ತು, ಅಳತೆಯೂ ಇತ್ತು. ಫೋನೆತ್ತಿ ಗುಂಡಿ ಒತ್ತಿದಳು.

"ಕ್ಲೈಡ್, ದೊಡ್ಡದು ಇದೆಯಾ? ಹ್ಞೂಂ. ನನಗೇ ಬರೀ. ಇವತ್ತೇ ಬಂದು ತಗೋತೀನಿ."

ಎಮೆಟ್ ಬಾಗಿಲಲ್ಲೇ ನಿಂತ. "ಆ ದೊಡ್ಡದಾ? ಅಂಗಡೀಲಿ ನೋಡಿದೀನಿ, ಹಂದಿ ತೊಳೀಬಹುದು ಅದರಲ್ಲಿ! ನಿನ್ನೊಬ್ಬಳ ತೋಟಾಗೆ ಅದ್ಯಾಕೆ?"

"ನನಗಲ್ಲ. ಬುಧವಾರಕ್ಕೆ."

"ಏನಂದೆ?"

ಅವಳ ಕಿವಿ ಬಿಸಿಯಾಯಿತು. ಆದರೆ ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು. ಒಮ್ಮೆ ಗೇರಿಗೆ ಹಾಕಿದ ಮೇಲೆ ನಡುವೆ ನಿಲ್ಲಿಸಿ ಅಭ್ಯಾಸವಿಲ್ಲ. "ನೀನು ಬರದೇ ಇದ್ರೆ ನನಗೆ ಬೇಜಾರು ಕಣೋ ಎಮೆಟ್. ಹೋದ ವಾರ ಬರಲಿಲ್ಲ, ಬೇಜಾರಾಯ್ತು. ತೋಟಾ ನೆಪ. ನಿನ್ನ ಹತ್ತಿರ ಹತ್ತು ಮಷೀನು ಇರಲಿ, ಬುಧವಾರ ಇಲ್ಲಿಗೆ ಬಾ."

ಎಮೆಟ್ ಟೋಪಿ ತೆಗೆದು ಅದರ ಅಂಚನ್ನು ಒಂದು ಸುತ್ತು ಪೂರ್ತಿ ತಿರುಗಿಸಿದ.

"ನಾನು ಹೋದ ವಾರ ಪಾರ್ಸೆಲ್ಲಿಗೇನೂ ಕಾಯ್ತಿರಲಿಲ್ಲ," ಎಂದ ಕೊನೆಗೆ. "ಮಷೀನು ಕೆಟ್ಟಿದೆ, ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ ಮನೇಲೇ ಕೂತಿದ್ದೆ. ಹತ್ತು ಗಂಟೆಗೆ ಒಂದ್ಸಲ ಪಿಕಪ್ಪು ಸ್ಟಾರ್ಟ್ ಮಾಡಿ, ಆಫ್ ಮಾಡ್ದೆ."

"ಪೆಟ್ರೋಲು ದಂಡ."

"ಡೀಸೆಲ್ಲು."

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಕ್ಕರು. ಆರ್ಡಿಸ್ ಕೋಟು ತೊಟ್ಟುಕೊಂಡಳು. ಯಂತ್ರ ಅರವತ್ತು ಪೌಂಡು ತೂಗುತ್ತದೆ, ಕ್ಲೈಡ್‌ಗೆ ಬೆನ್ನುನೋವು, ಎತ್ತಲು ಇಬ್ಬರು ಬೇಕು.

"ನನ್ನ ಗಾಡೀಲಿ ಹೋಗೋಣ," ಎಂದ ಎಮೆಟ್.

"ನಿನ್ನ ಗಾಡಿಯ ಹಿಂಬಾಗಿಲಿಗೆ ಹಗ್ಗ ಕಟ್ಟಿದೀಯ. ನನ್ನ ಹೊಸ ಮಷೀನು ರಸ್ತೇಲಿ ಉರುಳಿಹೋಗ್ಲಿ ಅಂತಾನಾ?"

"ಉರುಳೋಕೇ ತಾನೇ ಅದನ್ನ ಮಾಡಿರೋದು?"

ಅವಳು ತನ್ನ ಗಾಡಿಯ ಕೀಲಿ ತೆಗೆದುಕೊಂಡು ಹೊರಟಳು. ಅವನು ಮೇಜಿನ ಮೇಲಿದ್ದ ರೊಟ್ಟಿಗಳಲ್ಲಿ ಎರಡನ್ನು ಸುತ್ತಿ, ಒಂದನ್ನು ಅವಳಿಗೆಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಬಾಯಿಗಿಟ್ಟುಕೊಂಡು ಹಿಂದೆಯೇ ನಡೆದ.