ನಿಂತು ಊದಲಾರದ ಪೀಪಿಯಣ್ಣ

ಪೀಪಿಯಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹದಿನಾರನೇ ವಯಸ್ಸಿಗೆ ಮದುವೆ ಮೆರವಣಿಗೆಯ ಬ್ಯಾಂಡ್ ಸೇರಿ ತುತ್ತೂರಿ ಹಿಡಿದವನು ಮೂವತ್ತನಾಲ್ಕು ವರ್ಷ ಅದನ್ನು ಬಾಯಿಂದ ಇಳಿಸಲಿಲ್ಲ. ಕೆಂಪು ಕೋಟು, ಹೆಗಲ ಮೇಲೆ ಜರಿಯ ಗೊಂಡೆ. ಊದುವಾಗ ಕೆನ್ನೆ ಎರಡೂ ಉಬ್ಬಿ ಕಣ್ಣು ಒಳಗೆ ಹೂತುಹೋಗಿ ಬರೀ ಮೂಗು ಕಾಣುತ್ತಿತ್ತು.

ಆ ಬ್ಯಾಂಡಿನಲ್ಲಿ ತುತ್ತೂರಿಯವರು ಮುಂದೆ, ದೊಡ್ಡ ಡೋಲಿನವನು ಹಿಂದೆ. ಡೋಲಿನವನಿಗೆ ಪಾಪ, ಡೋಲಿನ ಆಚೆ ಏನೂ ಕಾಣದು. ಮುಂದಿನವನು ಒಂದು ಹೆಜ್ಜೆ ತಡೆದರೂ ಡೋಲು ಬಂದು ಸೊಂಟಕ್ಕೆ ಗುದ್ದುತ್ತಿತ್ತು. ಹೀಗೆ ಗುದ್ದಿಸಿಕೊಂಡು ಗುದ್ದಿಸಿಕೊಂಡು ಪೀಪಿಯಣ್ಣನ ಉಸಿರು ಕಾಲಿಗೆ ಗಂಟು ಬಿದ್ದುಬಿಟ್ಟಿತ್ತು. ಕಾಲು ಆಡಿದರೆ ಸ್ವರ, ಕಾಲು ನಿಂತರೆ ಪುಸ್. ಮದುವೆ ಮನೆಯ ಬಾಗಿಲಿಗೆ ಬಂದು ನಿಂತ ಮೇಲೆ ಬ್ಯಾಂಡಿನವರು ಊದುವ ಪ್ರಮೇಯವೇ ಇರಲಿಲ್ಲವಾದ್ದರಿಂದ ಇದು ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಅತ್ತಿಗೆಯ ದೆಸೆಯಿಂದ. ಪೀಪಿಯಣ್ಣನ ಅಣ್ಣ ಸೈನ್ಯ ಸೇರಿ ಯುದ್ಧದಲ್ಲಿ ತೀರಿಕೊಂಡವನು. ಊರಿನ ಪಾರ್ಕಿನಲ್ಲಿ ಹಾಗೆ ತೀರಿಕೊಂಡ ಒಂಬತ್ತು ಜನರಿಗೆ ಕಲ್ಲು ನಿಲ್ಲಿಸಿದ್ದರು. ಮೇಲಿನಿಂದ ಮೂರನೆಯ ಹೆಸರು ಅವನದು. ತಾಯಿಯಿಲ್ಲದ ಪೀಪಿಯಣ್ಣನನ್ನು ಬೈದು, ಉಣ್ಣಿಸಿ, ಮತ್ತೆ ಬೈದು ಬೆಳೆಸಿದವಳು ಅತ್ತಿಗೆ. ಮೊದಲ ತುತ್ತೂರಿ ಕೊಡಿಸಿದವನು ಆ ಅಣ್ಣ.

ವರ್ಷಕ್ಕೊಂದು ಸಲ ಆ ಕಲ್ಲಿನ ಮುಂದೆ ಕೊನೆಯ ಸಲಾಮಿನ ಧಾಟಿ ಊದಬೇಕು. ಊದುವ ಸಿಪಾಯಿಗೆ ವರ್ಗವಾಯಿತೆಂದು ಸಮಿತಿಯ ಅಧ್ಯಕ್ಷರಾದ ನಿವೃತ್ತ ಡ್ರಿಲ್ ಮೇಷ್ಟ್ರು ಒಂದು ವರ್ಷ ಟೇಪ್‌ರೆಕಾರ್ಡರ್ ತಂದು ಗುಂಡಿ ಒತ್ತಿದರು. ಸಲಾಮು ಅರ್ಧಕ್ಕೆ ಬಂದಾಗ ಟೇಪು ತೊದಲಿತು. ಆಮೇಲೆ ಆ ಕ್ಯಾಸೆಟ್ಟಿನಲ್ಲಿ ಹಿಂದೆ ಯಾರೋ ರೇಡಿಯೋದಿಂದ ತುಂಬಿಸಿಕೊಂಡಿದ್ದ ಸೋಪಿನ ಜಾಹೀರಾತು ಶುರುವಾಯಿತು. ಹಣೆಗೆ ಹೋದ ಕೈಯನ್ನು ಇಳಿಸುವಂತಿಲ್ಲ. ಹೆಂಗಸೊಬ್ಬಳು ಮೈಕಾಂತಿಯ ಮೇಲೆ ಎರಡು ಚರಣ ಹಾಡಿ ಮುಗಿಸುವವರೆಗೂ ಊರಿಗೆ ಊರೇ ಸೆಲ್ಯೂಟ್ ಹೊಡೆದುಕೊಂಡು ನಿಂತಿತ್ತು.

ಮುಗಿದದ್ದೇ ತಡ, ಅತ್ತಿಗೆ ನೇರ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಮುಂದಿನ ವರ್ಷ ನನ್ನ ಮೈದುನ ಊದ್ತಾನೆ ಮೇಷ್ಟ್ರೇ. ನಮ್ಮನೆಯವರಿಗೆ ಇನ್ನೊಂದ್ಸಲ ಸೋಪು ಹಚ್ಚೋದು ಬೇಡ."

ಮೈದುನನನ್ನು ಕೇಳುವ ಗೋಜಿಗೆ ಅವಳು ಹೋಗಲಿಲ್ಲ. ಮೇಷ್ಟ್ರು ಒಪ್ಪಿದರು, ಆದರೆ ಕರಾರು ಹಾಕಿದರು: ಹಿಮ್ಮಡಿ ಕೂಡಿಸಿ ಅಲ್ಲಾಡದೆ ನಿಂತು ಊದಬೇಕು, ಕೆಟ್ಟರೆ ಮುಂದಕ್ಕೆಲ್ಲ ಟೇಪೇ ಗತಿ.

ಪೀಪಿಯಣ್ಣ ನಡುಮನೆಯಲ್ಲಿ ನಿಂತು ಊದಿ ನೋಡಿದ. ಕುಕ್ಕರಿನ ವಾಷರ್ ಹೋದಂಥ ಸದ್ದು ಬಂತು. ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದ, ಸ್ವರ ನೀರಿನ ಹಾಗೆ ಹರಿಯಿತು. ಅತ್ತಿಗೆ ಅವನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು, ಧಾಟಿ ಮುಗಿಯುವಷ್ಟರಲ್ಲಿ ಇಬ್ಬರೂ ಹಿತ್ತಿಲಲ್ಲಿದ್ದರು. ಕಾಲನ್ನು ಮಂಚಕ್ಕೆ ಕಟ್ಟಿದಳು, ಮಡಚಿಟ್ಟ ಬಟ್ಟೆಯ ಸಮೇತ ಮಂಚ ಪಡಸಾಲೆಗೆ ಬಂತು. ಒಂದೊಂದು ಕಾಲನ್ನೂ ಒಂದೊಂದು ತುಂಬಿದ ಬಕೆಟ್ಟಿನಲ್ಲಿ ಇಡಿಸಿದಳು. ಮನೆ ತೊಳೆದಂತಾಯಿತು, ಸಲಾಮು ಆಗಲಿಲ್ಲ. ನಿಂತಲ್ಲೇ ಹೆಜ್ಜೆ ಹಾಕಿದರೆ ಧಾಟಿಗೆ ಬಿಕ್ಕಳಿಕೆ ಬರುತ್ತಿತ್ತು.

ಸೋತು ಕುಕ್ಕರಿಸಿದ ಪೀಪಿಯಣ್ಣ, "ಅತ್ತಿಗೆ, ಬೇರೆ ಯಾರನ್ನಾದ್ರೂ ನೋಡಿ" ಎಂದ.

"ಯಾರನ್ನ ನೋಡ್ಲಿ? ನಿಮ್ಮಣ್ಣನಿಗೆ ಇನ್ನೆಷ್ಟು ಜನ ತಮ್ಮಂದಿರಿದ್ದಾರೆ?"

ಪೀಪಿಯಣ್ಣ ಮತ್ತೆ ತುತ್ತೂರಿ ಎತ್ತಿಕೊಂಡ. ಊರಿನ ಎಲ್ಲರ ಮದುವೆಗೂ ಊದಿದವನು ಅಣ್ಣನಿಗೆಂದು ಒಂದು ಸ್ವರವನ್ನೂ ಊದಿರಲಿಲ್ಲ. ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ದಿನ ಬಂತು. ಇದ್ದದ್ದೊಂದೇ ಒಳ್ಳೆಯ ಕೋಟು, ಆ ಕೆಂಪು ಕೋಟನ್ನೇ ಹಾಕಿಕೊಂಡು ಹೋದ. ಮುಖ್ಯ ಅತಿಥಿಯಾಗಿ ಬಂದಿದ್ದ ಅಧಿಕಾರಿ ಊರಿಗೆ ಹೊಸಬರು. ಹೆಗಲ ಮೇಲಿನ ಗೊಂಡೆ ನೋಡಿ ಯಾರೋ ತಮಗಿಂತ ಮೇಲಿನವರೇ ಇರಬೇಕೆಂದು ಟಪ್ಪನೆ ಸೆಲ್ಯೂಟ್ ಹೊಡೆದರು. ಪೀಪಿಯಣ್ಣ ಗಾಬರಿಯಲ್ಲಿ ಬಾಯಿಪಾಠದ ಹಾಗೆ, "ಗಂಡಿನ ಕಡೆಯವರಾ?" ಎಂದು ಕೇಳಿಬಿಟ್ಟ. ಅಧಿಕಾರಿ ಒಂದು ಗಳಿಗೆ ಯೋಚಿಸಿ ಹೌದೆಂದರು.

ಮೇಷ್ಟ್ರು ಕಲ್ಲಿನ ಮುಂದೆ ಸುಣ್ಣದಲ್ಲಿ ಒಂದು ದುಂಡನೆಯ ಗೆರೆ ಹಾಕಿ ಅದರೊಳಗೆ ಪೀಪಿಯಣ್ಣನನ್ನು ನಿಲ್ಲಿಸಿದರು. ಅವನು ಊದಿದ. ಪುಸ್. ಇನ್ನೊಮ್ಮೆ ಊದಿದ. ಪುಸ್. ಮೇಷ್ಟ್ರ ಹೆಬ್ಬೆರಳು ಟೇಪಿನ ಗುಂಡಿಯ ಮೇಲೆ ಹೋಯಿತು. ಪೀಪಿಯಣ್ಣನ ಕಣ್ಣಿಗೆ ಆ ಮೂರನೆಯ ಹೆಸರು ಮಂಜುಮಂಜಾಗಿ ಕಂಡಿತು.

ಮುಂದಿನ ಸಾಲಿನಿಂದ ಅತ್ತಿಗೆಯ ದನಿ ಬಂತು. "ನಡಿಯೋ."

"ಗೆರೆ ಇದೆ, ಅತ್ತಿಗೆ."

"ಗೆರೆ ಮೇಷ್ಟ್ರದು. ಕಲ್ಲಲ್ಲಿರೋರು ನಮ್ಮೋರು. ನಡಿ."

ನಡೆದ. ಸುಣ್ಣ ತುಳಿದುಕೊಂಡು, ಕಲ್ಲನ್ನು ಬಳಸಿಕೊಂಡು ನಡೆದ. ತುತ್ತೂರಿಯಿಂದ ಸಲಾಮು ಎಂಥದ್ದು ಹೊರಟಿತೆಂದರೆ ಪಾರ್ಕಿನ ಆಚೆ ಹೋಗುತ್ತಿದ್ದ ಸೈಕಲ್ಲುಗಳು ನಿಂತವು. ಇಷ್ಟು ದೊಡ್ಡವರೇ ನಡೆಯುತ್ತಿದ್ದಾರೆಂದರೆ ಇದೇ ಕ್ರಮವಿರಬೇಕೆಂದು ಅಧಿಕಾರಿ ಅವನ ಹಿಂದೆ ಹೊರಟರು. ಅವರ ಹಿಂದೆ ಹೂಗುಚ್ಛ ಹಿಡಿದ ಜವಾನ, ಅವನ ಹಿಂದೆ ಒಂಬತ್ತು ಮನೆಗಳವರು, ಆಮೇಲೆ ಊರು. ತಡೆಯಲೆಂದು ಓಡಿಬಂದ ಮೇಷ್ಟ್ರ ಕಾಲುಗಳು ಸ್ವರ ಕೇಳಿದ್ದೇ ತಮ್ಮಷ್ಟಕ್ಕೆ ತಾವೇ ಎಡ-ಬಲ ಹಾಕತೊಡಗಿದವು.

ಧಾಟಿ ಮುಗಿದಾಗ ಪೀಪಿಯಣ್ಣ ಕಲ್ಲಿನ ಹಿಂಬದಿಯಲ್ಲಿದ್ದ. ಅಲ್ಲಿ ಹೆಸರಿಲ್ಲ, ಬರೀ ಒರಟು ಕಲ್ಲು. ಬೆನ್ನಿಗೆ ಹೊಡೆದ ಸಲಾಮು ಅಣ್ಣನಿಗೆ ಮುಟ್ಟುವುದುಂಟೇ? ಮೊದಲಿನಿಂದ ಶುರು ಮಾಡಿದ. ಆ ಸಲ ಮೂಲೆಗೆ ಬಂದು ಮುಗಿಯಿತು. ಮೂರನೆಯ ಸಲ ಹೆಜ್ಜೆಯನ್ನು ಅಳೆದು ಅಳೆದು ಇಟ್ಟು, ಸರಿಯಾಗಿ ಆ ಹೆಸರಿನ ಎದುರಿಗೆ ಬಂದ. ಕಾಲು ತಾನಾಗಿ ನಿಂತಿತು. ಕೊನೆಯ ನೀಳ ಸ್ವರ ನಿಲ್ಲಲಿಲ್ಲ. ನಿಂತು ಊದುತ್ತಿದ್ದೇನೆಂದು ಹೊಳೆದ ಕೂಡಲೇ ಹೆದರಿ ತುತ್ತೂರಿ ಇಳಿಸಿದ. ಅಷ್ಟರಲ್ಲಿ ಸ್ವರ ತನ್ನ ಪಾಡಿಗೆ ತಾನು ಮುಗಿದಿತ್ತು.

ಮೇಷ್ಟ್ರು ಏದುಸಿರು ಬಿಡುತ್ತಾ ಅತ್ತಿಗೆಯ ಹತ್ತಿರ ಬಂದು, ಅಲ್ಲಾಡದೆ ನಿಂತು ಊದಬೇಕೆಂದಲ್ಲವೇ ಮಾತಾಗಿದ್ದು ಎಂದು ತಗಾದೆ ತೆಗೆದರು.

ಅತ್ತಿಗೆ ಕಣ್ಣೊರೆಸಿಕೊಂಡಳು. "ನಮ್ಮನೆಯವರು ಒಂದು ದಿನಾನಾದ್ರೂ ನಿಂತು ಕಾಫಿ ಕುಡಿದೋರಲ್ಲ ಮೇಷ್ಟ್ರೇ. ಲೋಟ ಹಿಡ್ಕೊಂಡು ಮನೆಯೆಲ್ಲಾ ಸುತ್ತೋರು. ಇವನು ನಿಂತು ಊದಿದ್ದಿದ್ರೆ, ಇದ್ಯಾರೋ ಪರಸ್ಥಳದೋನು ಅಂದ್ಕೊಳ್ತಿದ್ರು."